ಕತ್ತಲಲ್ಲಿ ಹೋಗಿ ಬೆಳಕಲ್ಲಿ ಬಂದ ಕುಷ್ಟಗಿ ರೈಲು

ಎಲ್ಲೋ ಹೊಸ ಹಳಿ ಹಾಕಿದ್ದಾರೆ ಅಂತ ಕಿವಿಗೆ ಬಿದ್ದರೆ ಸಾಕು, ನನಗೆ ಕೂತಲ್ಲಿ ಕೂರೋಕಾಗಲ್ಲ. 2025ರ ಮೇ 15ರಂದು ಕೊಪ್ಪಳ ಜಿಲ್ಲೆಯ ಕುಷ್ಟಗಿಗೆ ಮೊದಲ ರೈಲು ಬಂತು. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಹಸಿರು ಬಾವುಟ ತೋರಿಸಿದ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅವತ್ತೇ ಹೋಗಬೇಕು ಅಂದುಕೊಂಡೆ. ಹೋಗೋಕೆ ಆಗಿದ್ದು ಎಳ್ಳ ಅಮಾವಾಸ್ಯೆ ಕಳೆದ ಮೇಲೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಎರೆ ಹೊಲ ನೋಡೋಕೆ ಅದಕ್ಕಿಂತ ಚೆಂದದ ಕಾಲ ಇಲ್ಲ.

ಗದಗದಿಂದ ವಾಡಿಗೆ ಹೋಗಬೇಕಾದ ದೊಡ್ಡ ಮಾರ್ಗದ ಮೊದಲ ತುಂಡು ಇದು. ಪೂರ್ತಿ ಮಾರ್ಗ 250 ಕಿ.ಮೀ.ಗೂ ಜಾಸ್ತಿ. ಮಂಜೂರಾಗಿದ್ದು 2013-14ರಲ್ಲಿ. ಜಮೀನು ಒದಗಿಸೋದು ರಾಜ್ಯ ಸರ್ಕಾರ, ಖರ್ಚಿನಲ್ಲೂ ಅರ್ಧ ಪಾಲು ಅದರದ್ದೇ. ಗದಗ–ಕೊಪ್ಪಳ ಹಳೇ ಲೈನಿನ ತಳಕಲ್ ಹತ್ತಿರ ಹೊಸ ಹಳಿ ಕವಲೊಡೆದು, ಕುಕನೂರು, ಯಲಬುರ್ಗಾ ಕಡೆಯಿಂದ ಕುಷ್ಟಗಿ ಮುಟ್ಟುತ್ತದೆ. 60 ಕಿ.ಮೀ. ಆಸುಪಾಸು.

ಮೊದಲ ದಿನ, ಶನಿವಾರ

ಬೆಂಗಳೂರಿನ ರಾತ್ರಿ ರೈಲು ಬೆಳಿಗ್ಗೆ ಹುಬ್ಬಳ್ಳಿಗೆ ತಂದು ಇಳಿಸಿತು. ಕುಷ್ಟಗಿ ಪ್ಯಾಸೆಂಜರ್ ಇರೋದು ಸಂಜೆ ನಾಲ್ಕರ ಮೇಲೆ. ಮನೆಯಲ್ಲಿ ಟೈಂಟೇಬಲ್ ನೋಡುವಾಗ ಒಂದು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಸಂಜೆ ನಾಲ್ಕಕ್ಕೆ ಹೊರಟರೆ ತಳಕಲ್ ಬರುವಾಗ ಆರು ದಾಟಿರುತ್ತೆ. ಚಳಿಗಾಲದಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತೆ. ಅಂದರೆ ನಾನು ನೋಡೋಕೆ ಅಂತ ಹೊರಟ ಹೊಸ ಲೈನು ಪೂರ್ತಿ ಕತ್ತಲಲ್ಲಿ! ಮೂವತ್ತು ವರ್ಷದಿಂದ ರೈಲಿನ ಹುಚ್ಚು ಹಿಡಿಸಿಕೊಂಡವನು ಮಾಡುವ ಕೆಲಸವಾ ಇದು? ಪುಣ್ಯಕ್ಕೆ ವಾಪಸ್ ಗಾಡಿ ಮರುದಿನ ಬೆಳಿಗ್ಗೆ ಇದೆ. ರಾತ್ರಿ ಕುಷ್ಟಗಿಯಲ್ಲಿ ಉಳಿದರಾಯಿತು.

ಹೊತ್ತು ಕಳೆಯೋಕೆ ಹುಬ್ಬಳ್ಳಿಯಲ್ಲಿ ನನ್ನಂಥವರಿಗೆ ಏನೂ ಕಮ್ಮಿಯಿಲ್ಲ. ರೈಲು ಮ್ಯೂಸಿಯಂ ಇದೆ, ಅದು ಮೊದಲೇ ನೋಡಿದ್ದು. ಈ ಸಲ 8ನೇ ಪ್ಲಾಟ್‌ಫಾರಂ ಪೂರ್ತಿ ನಡೆದುಬಿಡೋಣ ಅಂತ ಹೊರಟೆ. 1507 ಮೀಟರ್. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರಂ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅರ್ಧ ನಡೆದಾಗ ಬಿಸಿಲು ನೆತ್ತಿಗೆ ಬಂತು, ಹೆಗಲ ಚೀಲ ಭಾರವಾಯಿತು, ಎದುರಿಗೆ ಇನ್ನೂ ಅಷ್ಟೇ ಉದ್ದ ಕಾಣಿಸಿತು. ಚಹಾ ನೆಪ ಮಾಡಿಕೊಂಡು ವಾಪಸ್ ತಿರುಗಿದೆ.

ಗಾಡಿ ಹೊರಟಾಗ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಹುಬ್ಬಳ್ಳಿಯಿಂದ ಗದಗಕ್ಕೆ 58 ಕಿ.ಮೀ. 1880ರ ದಶಕದಲ್ಲಿ ಸದರ್ನ್ ಮರಾಠ ರೈಲ್ವೆ ಕಂಪನಿಯವರು ಮೀಟರ್ ಗೇಜ್ ಹಾಕಿದ ಮಾರ್ಗ ಇದು. ಬ್ರಾಡ್ ಗೇಜ್ ಆಗಿದ್ದು 1990ರ ದಶಕದಲ್ಲಿ. ಈಗ ಜೋಡಿ ಹಳಿ, ಮೇಲೆ ಕರೆಂಟಿನ ತಂತಿ. ಪಂಪನ ಊರು ಅನ್ನುವ ಅಣ್ಣಿಗೇರಿಯಲ್ಲಿ ಒಬ್ಬ ಹುಡುಗ ಕಡ್ಲಿ ಸುಲಗಾಯಿ ಕಟ್ಟು ಹಿಡಿದು ಹತ್ತಿದ. ಗಿಡದ ಸಮೇತ ಕಿತ್ತ ಹಸಿ ಕಡಲೆ. ಒಂದು ಕಟ್ಟು ತಗೊಂಡೆ. ಸುಲಿದು ಬಾಯಿಗೆ ಹಾಕಿಕೊಂಡರೆ ಬೆರಳಿಗೆಲ್ಲ ಹುಳಿ ಅಂಟುತ್ತೆ, ಆಮೇಲೆ ಆ ಬೆರಳಲ್ಲಿ ಮುಟ್ಟಿದ್ದೆಲ್ಲ ಹುಳಿ. ಕ್ಯಾಮೆರಾ ಕೂಡ.

ಗದಗದಲ್ಲಿ ಬೋಗಿ ತುಂಬಿತು. ಶನಿವಾರ ಅಲ್ವಾ, ಆಸ್ಪತ್ರೆಗೆ ಬಂದವರು, ಸಂತೆ ಮುಗಿಸಿದವರು, ಕಾಲೇಜು ಹುಡುಗರು. ನನ್ನ ಎದುರಿಗೆ ಒಬ್ಬ ಅಜ್ಜಿ, ಇಳಕಲ್ ಸೀರೆ, ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಮೊಮ್ಮಗ. ಹುಡುಗನ ಎಡಗೈಗೆ ಹೊಸ ಬ್ಯಾಂಡೇಜ್.

ಗದಗ ಬಿಟ್ಟ ಮೇಲೆ ಕಣಗಿನಹಾಳ ಬರುತ್ತೆ. ಯಾರೂ ಕತ್ತೆತ್ತಿ ನೋಡದ ಸಣ್ಣ ನಿಲ್ದಾಣ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ಇದೇ ಊರಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಅಷ್ಟು ಹೊತ್ತಿಗೆ ಸೂರ್ಯ ಹಿಂದಿನಿಂದ ಬೋಗಿಯ ನೆರಳನ್ನು ಜೋಳದ ಹೊಲದ ಮೇಲೆ ಉದ್ದಕ್ಕೆ ಹಾಸಿದ್ದ. ನೆರಳಲ್ಲಿ ಕಿಟಕಿ, ಕಿಟಕಿಯಲ್ಲಿ ತಲೆ. ಮೊಮ್ಮಗ ಬ್ಯಾಂಡೇಜ್ ಕೈ ಎತ್ತಿ ಆಡಿಸಿ, ಹೊಲದಲ್ಲಿ ತನ್ನ ಕೈ ಯಾವುದು ಅಂತ ಹುಡುಕುತ್ತಿದ್ದ.

"ಯಾವೂರಪ್ಪಾ ನಿಂದು?" ಅಜ್ಜಿ ಶುರು ಮಾಡಿದರು.

"ಬೆಂಗಳೂರು ಅಜ್ಜಿ."

"ಕುಷ್ಟಗ್ಯಾಗ ಯಾರದಾರ?"

"ಯಾರೂ ಇಲ್ಲ. ಸುಮ್ನೆ ರೈಲು ನೋಡೋಕೆ ಹೊರಟಿದ್ದೀನಿ."

"ರೈಲು ನೋಡಾಕ? ಯಾಕ, ಬೆಂಗ್ಳೂರಾಗ ರೈಲು ಇಲ್ಲೇನು?"

ಅಕ್ಕಪಕ್ಕದ ನಾಲ್ಕು ಸೀಟು ನಕ್ಕಿತು. ನಾನೂ ನಕ್ಕೆ. ಇದಕ್ಕೆ ಉತ್ತರ ಇವತ್ತಿನವರೆಗೂ ನನಗೆ ಸಿಕ್ಕಿಲ್ಲ.

ತಳಕಲ್ ಬಂದಾಗ ಪಡುವಣದಲ್ಲಿ ಒಂದು ಕೆಂಪು ಗೆರೆ ಮಾತ್ರ ಉಳಿದಿತ್ತು. ಗಾಡಿ ಹೊರಟು, ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಖಟ್ ಖಟ್ ಅಂತು, ಎಡಕ್ಕೆ ಹೊರಳಿತು. ನಾನು ಬಾಗಿಲಿಗೆ ಓಡಿದೆ. ಹಳೇ ಲೈನು ಬಲಗಡೆ ದೂರ ಸರಿದು ಕತ್ತಲಲ್ಲಿ ಕರಗಿತು. ಗಾಡಿ ಹೊಸ ಹಳಿ ಮೇಲಿತ್ತು. ಎಷ್ಟು ಹೊತ್ತು ಬಾಗಿಲಲ್ಲಿ ನಿಂತರೂ ಕಂಡಿದ್ದು ಕಿಟಕಿಗಳಿಂದ ಜಲ್ಲಿ ಮೇಲೆ ಬಿದ್ದ ಬೆಳಕಿನ ಚೌಕಗಳು, ಮತ್ತೆ ದೂರದಲ್ಲಿ ಒಟ್ಟಿಗೆ ಹತ್ತಿ ಒಟ್ಟಿಗೆ ಆರುವ ಕೆಂಪು ಚುಕ್ಕಿಗಳ ಸಾಲು. ಗಾಳಿ ವಿದ್ಯುತ್ತಿನ ಕಂಬಗಳ ತಲೆ ಮೇಲಿನ ದೀಪ ಅವು.

ಸೀಟಿಗೆ ಬಂದು ನೋಟ್‌ಬುಕ್ ತೆಗೆದೆ. ಪ್ರತಿ ನಿಲ್ದಾಣಕ್ಕೆ ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು ಬರೆದಿಡೋದು ನನ್ನ ಅಭ್ಯಾಸ.

"ಕಾಕಾ, ಏನ್ ಬರಿಯಾಕತ್ತೀರಿ?" ಮೊಮ್ಮಗ ಬಗ್ಗಿ ನೋಡಿದ.

ಅವನಿಗೆ ಹಳೇ ವಿದ್ಯೆಯೊಂದನ್ನು ಹೇಳಿಕೊಟ್ಟೆ. ಮೊದಲೆಲ್ಲ ಹಳಿಯ ಒಂದು ತುಂಡು 13 ಮೀಟರ್ ಇರುತ್ತಿತ್ತು. ಎರಡು ತುಂಡು ಕೂಡುವಲ್ಲಿ ಚಕ್ರ ಟಕ್ ಅನ್ನೋದು. 47 ಸೆಕೆಂಡಲ್ಲಿ ಎಷ್ಟು ಟಕ್ ಕೇಳಿಸಿತೋ ಗಾಡಿಯ ವೇಗ ಗಂಟೆಗೆ ಅಷ್ಟು ಕಿಲೋಮೀಟರ್. ಹುಡುಗ ಕಿವಿಗೊಟ್ಟು ಕೂತ. "ಟಕ್ ಬರವಲ್ದು ಕಾಕಾ" ಅಂದ. ಹೌದಲ್ಲ! ಈಗ ಹಳಿಗಳನ್ನು ಬೆಸೆದು ಬಿಡುತ್ತಾರೆ, ಕಿಲೋಮೀಟರ್‌ಗಟ್ಟಲೆ ಸಂದೇ ಇರಲ್ಲ. ಅಪ್ಪ ನನಗೆ ಕಲಿಸಿದ್ದು, ನಾನು ಈ ಹುಡುಗನಿಗೆ ಕಲಿಸಿದ್ದು ಎರಡೂ ದಂಡ. ಮೊಬೈಲಲ್ಲಿ ಜಿಪಿಎಸ್ ತೋರಿಸಿದೆ. ಅವನಿಗೆ ಅದು ಮೊದಲೇ ಗೊತ್ತಿತ್ತು.

ಬಸ್ಸಿನ ಮಾತು ಬಂತು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಇದೆಯಲ್ಲ, ಟಿಕೆಟ್ ಕೊಟ್ಟು ರೈಲಿಗೆ ಯಾಕೆ ಬರುತ್ತೀರಿ ಅಂತ ಕೇಳಿದೆ. ಈ ಪ್ರಶ್ನೆ ನನ್ನ ತಲೆಯಲ್ಲಿ ಮೊದಲಿಂದಲೂ ಇತ್ತು. ಹಳ್ಳಿ ಲೈನಿಗೆ ಜನ ಬರುತ್ತಾರೋ ಇಲ್ಲವೋ ನಿಂತಿರೋದು ಇದರ ಮೇಲೆ.

"ಬಸ್ ಫ್ರೀ ಐತಿ ಖರೆ. ಕುಂದ್ರಾಕ ಜಾಗ ಎಲ್ಲೈತಿ? ಫ್ರೀ ಅಂದ್ರ ಮೊಣಕಾಲು ಕೇಳ್ತಾವೇನು?" ಅಜ್ಜಿ ಕಾಲು ನೀಡಿಕೊಂಡೇ ಹೇಳಿದರು. "ಇದ್ರಾಗ ಕಾಲು ಚಾಚಬಹುದು. ಪಾಯಖಾನಿ ಐತಿ. ಈ ಹುಡುಗನ್ನ ಮಲಗಿಸಬಹುದು."

ಆಮೇಲೆ ಹೊಲದ ಮಾತು ಬಂತು. ಇವರ ಎರಡು ಎಕರೆ ಎರೆ ಹೊಲ ಈ ಲೈನಿಗೇ ಹೋಗಿದೆ. ರೊಕ್ಕ ಬಂತು, ಮಗಳ ಮದುವೆ ಆಯಿತು, ರೊಕ್ಕ ಮುಗಿಯಿತು. ಬೇಜಾರಿನ ದನಿಯೇನಲ್ಲ, ಮಳೆ ಬಂತು ಹೋಯಿತು ಅಂದ ಹಾಗೆ ಅಂದರು. "ನಮ್ಮ ಹೊಲದ ಬದುವಿನ ಬೇವಿನ ಗಿಡ ಒಂದು ಉಳಿಸ್ಯಾರ. ಟೇಶನ್ ಬೇಲಿಗೆ ಹತ್ತಿಕೊಂಡೇ ಐತಿ. ನಮ್ಮ ಮನಿಯವರು ಹಚ್ಚಿದ್ದು. ಹಗಲೊತ್ತು ಬಂದಿದ್ರ ನಿನಗ ತೋರಿಸ್ತಿದ್ದೆ."

ಗಾಡಿ ನಿಂತಿತು. ಅಜ್ಜಿ ಗಡಿಬಿಡಿಯಲ್ಲಿ ಚೀಲ ಎತ್ತಿಕೊಂಡರು. ನಾನು ಇನ್ನೊಂದು ಚೀಲ ಹಿಡಿದು ಬಾಗಿಲ ತನಕ ಹೋದೆ. ಮೊಮ್ಮಗ ಮೊಬೈಲ್ ಟಾರ್ಚ್ ಹಚ್ಚಿದ. ಆ ದುಂಡು ಬೆಳಕು ಹೊಸ ಟೈಲ್ಸ್ ದಾಟಿ, ಇಳಿಜಾರಿನಲ್ಲಿ ಇಳಿದು, ಪೊದೆಗಳ ನಡುವೆ ಅಲ್ಲಾಡುತ್ತಾ ಹೋಯಿತು. ಊರಿನ ದೀಪ ಎಲ್ಲೂ ಕಾಣಿಸಲಿಲ್ಲ. ಗಾಡಿ ಹೊರಟ ಮೇಲೆ ನೆನಪಾಯಿತು, ಊರಿನ ಬೋರ್ಡು ನೋಡಲಿಲ್ಲ. ಹೊತ್ತೂ ಬರೆಯಲಿಲ್ಲ. ಅದರ ಹಿಂದಿನ ನಿಲ್ದಾಣದ್ದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಖಾಲಿ.

ಕುಷ್ಟಗಿ ಮುಟ್ಟಿದಾಗ ಎಂಟೂವರೆ ದಾಟಿತ್ತು. ಐದು ನಿಮಿಷದಲ್ಲಿ ಜನ ಎಲ್ಲ ಖಾಲಿ. ನಾನು ಮಾತ್ರ ನಿಂತಿದ್ದೆ, ಎಂಜಿನ್ ಬಿಚ್ಚೋದು ನೋಡೋಕೆ. ಕೊನೆ ನಿಲ್ದಾಣದಲ್ಲಿ ಅದೇ ಅಲ್ವಾ ಮಜಾ. ಒಬ್ಬ ಬೋಗಿ ಸಂದಿಗೆ ಇಳಿದು ಗಾಳಿ ಕೊಳವೆ ಬಿಡಿಸಿದ, ಉಸ್ ಅಂತು. ಎಂಜಿನ್ ಒಂಟಿಯಾಗಿ ಮುಂದೆ ಹೋಗಿ, ಪಕ್ಕದ ಲೈನಿನಲ್ಲಿ ಹಿಂದಕ್ಕೆ ಬಂದು, ಇನ್ನೊಂದು ತುದಿಗೆ ಮೆಲ್ಲಗೆ ತಾಗಿತು. ಬೆಳಿಗ್ಗೆಗೆ ಗಾಡಿ ತಯಾರು. ಈ ಆಟ ಎಷ್ಟು ಸಲ ನೋಡಿದರೂ ನನಗೆ ಸಾಕಾಗಲ್ಲ.

ಹೊರಗೆ ಬಂದರೆ ಒಂದೇ ಒಂದು ಟಂಟಂ, ಅದರಲ್ಲಿ ಆಗಲೇ ಒಂಬತ್ತು ಜನ. ಹತ್ತನೆಯವನಾಗಿ ನೇತುಕೊಂಡೆ. ಊಟ ಖಾನಾವಳಿಯಲ್ಲಿ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಲಾಡ್ಜ್ ಬಗ್ಗೆ ಬರೆಯುವಂಥದ್ದು ಏನಿಲ್ಲ. ಸೊಳ್ಳೆ ಇದ್ದವು, ನಿದ್ದೆಯೂ ಬಂತು.

ಎರಡನೇ ದಿನ, ಭಾನುವಾರ

ಆರು ಗಂಟೆಗೆಲ್ಲ ನಿಲ್ದಾಣದಲ್ಲಿದ್ದೆ. ಚಳಿ ಚೆನ್ನಾಗೇ ಇತ್ತು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ಸ್ಟೀಲ್ ಡಬ್ಬಿಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ತಂದು ಕೂತಿದ್ದರು. ಬೆಳಿಗ್ಗೆ ಆರಕ್ಕೆ ಮಿರ್ಚಿ ತಿನ್ನುವ ಸೀಮೆ ಇದು. ನಾನೂ ತಿಂದೆ. ಚಳಿ ಬಿಟ್ಟಿತು.

ಬೆಳಕು ಹರಿಯುತ್ತಿದ್ದ ಹಾಗೆ ಪ್ಲಾಟ್‌ಫಾರಂ ತುದಿಗೆ ಹೋದೆ. ವಾಡಿ ಕಡೆಯ ತುದಿ. ಹಳಿ ಇನ್ನು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಕೆಲಸ ಲಿಂಗಸುಗೂರು, ಸುರಪುರ, ಶಹಾಪುರದ ಕಡೆಗೆ. ಅದಷ್ಟೂ ಮುಗಿದರೆ ಹುಬ್ಬಳ್ಳಿಯವರು ವಾಡಿಗೆ ಹೋಗೋಕೆ ಗುಂತಕಲ್ ಕಡೆಯಿಂದಲೋ ಸೊಲ್ಲಾಪುರದ ಕಡೆಯಿಂದಲೋ ಸುತ್ತಬೇಕಿಲ್ಲ. ಹಳೇ ಗಡಿಯೊಂದು ನೆನಪಾಯಿತು. ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ನಿಜಾಮರ ಕೆಳಗೆ. ಆ ಗಡಿ ದಾಟಿ ಕೊಪ್ಪಳದ ಮೇಲೆ ರೈಲು ಹೋಗಿ ನೂರಾ ಮೂವತ್ತು ವರ್ಷದ ಮೇಲಾಯಿತು. ಅದೇ ಜಿಲ್ಲೆಯ ಕುಷ್ಟಗಿಗೆ ಬಂದಿದ್ದು ಮೊನ್ನೆ.

ಬಗ್ಗಿ ಹಳಿಯ ಪಕ್ಕೆ ನೋಡಿದೆ. ಹಳಿ ತಯಾರಿಸುವ ಕಾರ್ಖಾನೆಯಲ್ಲೇ ಅದರ ಹೊಟ್ಟೆಯ ಮೇಲೆ ಉಬ್ಬಕ್ಷರ ಮೂಡಿರುತ್ತೆ: ತೂಕದ ಗುರುತು, ಕಾರ್ಖಾನೆಯ ಗುರುತು, ತಿಂಗಳು, ವರ್ಷ. ಹಳೇ ಲೈನುಗಳಲ್ಲಿ ತುಕ್ಕು ಕೆರೆದು ಓದಬೇಕು. ಇಲ್ಲಿ ಅಕ್ಷರದ ಅಂಚು ಇನ್ನೂ ಚೂಪಾಗಿತ್ತು. ಹಳಿಯ ತಲೆ ಮೇಲೆ ಚಕ್ರ ಉಜ್ಜಿದ ಹೊಳಪು ಪಟ್ಟಿ ಕೂಡ ಇನ್ನೂ ಬೆರಳಗಲ. ದಿನಕ್ಕೆ ಹತ್ತಾರು ಗಾಡಿ ಓಡುವ ಕಡೆ ಇಡೀ ತಲೆ ಕನ್ನಡಿ ಹಾಗೆ ಹೊಳೆಯುತ್ತೆ.

ಏಳರ ಸುಮಾರಿಗೆ ಗಾಡಿ ಹೊರಟಿತು, ಸೂರ್ಯನೂ ಹೊರಟ. ಈ ಸಲ ಬಾಗಿಲು ಬಿಟ್ಟು ಕದಲಲಿಲ್ಲ.

ಕುಷ್ಟಗಿ ಸುತ್ತ ಮಸಾರಿ ಮಣ್ಣು. ಕೆಂಪು ನೆಲ, ನಡುನಡುವೆ ಬಂಡೆ, ದಾಳಿಂಬೆ ತೋಟಗಳು. ಮುಂದೆ ಹೋದ ಹಾಗೆ ನೆಲ ಕಪ್ಪಾಗುತ್ತಾ ಬರುತ್ತೆ. ಎರೆ ಹೊಲ ಶುರುವಾಯಿತು ಅಂದರೆ ಹಳಿ ಹೊತ್ತ ಮಣ್ಣಿನ ಏರಿಯ ಬಣ್ಣ ಬೇರೆ, ಪಕ್ಕದ ಹೊಲದ ಬಣ್ಣ ಬೇರೆ. ಕಪ್ಪು ಬಯಲಿನ ಮೇಲೆ ಕೆಂಪು ಗರಸಿನ ಏರಿ ಗೆರೆ ಎಳೆದ ಹಾಗೆ ಓಡುತ್ತೆ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅದರ ಮೇಲೆ ನೇರ ಹಳಿ ಇಟ್ಟರೆ ಒಂದು ಮಳೆಗಾಲಕ್ಕೆ ಹಾವಿನ ಹಾಗಾಗುತ್ತೆ. ಅದಕ್ಕೇ ಬೇರೆ ಕಡೆಯ ಗಟ್ಟಿ ಮಣ್ಣು ತಂದು ಪದರ ಪದರವಾಗಿ ರೋಲರ್ ಹೊಡೆದು, ಮೇಲೊಂದು ನೀರು ಬಸಿಯುವ ಪದರ ಹಾಸಿ, ಆಮೇಲೆ ಜಲ್ಲಿ. ಕಣ್ಣಿಗೆ ಕಾಣುವ ಹಳಿ ಈ ಕೆಲಸದಲ್ಲಿ ಕೊನೆಯದು, ಸುಲಭದ್ದು.

ಇನ್ನೊಂದು ಗಮನಿಸಿದೆ. ಗೇಟೇ ಇಲ್ಲ. ಹೊಸ ಲೈನುಗಳನ್ನು ಈಗ ಗೇಟಿಲ್ಲದೇ ಕಟ್ಟುತ್ತಾರೆ. ರಸ್ತೆ ಬಂದಲ್ಲೆಲ್ಲ ಹಳಿ ಕೆಳಗೆ ಕಾಂಕ್ರೀಟಿನ ಡಬ್ಬದಂಥ ದಾರಿ, ಇಲ್ಲವೇ ಮೇಲ್ಸೇತುವೆ. ಅಪಘಾತ ತಪ್ಪುತ್ತೆ, ಒಪ್ಪಿದೆ. ಆದರೆ ಗೇಟು ಹಾಕಿದಾಗ ನಿಂತ ಎತ್ತಿನ ಗಾಡಿ, ಸೈಕಲ್ಲು, ಕೈ ಬೀಸುವ ಮಕ್ಕಳು ನನ್ನ ಮಟ್ಟಿಗೆ ರೈಲು ಪ್ರಯಾಣದ ಅರ್ಧ ಪಾಲು. ಇಲ್ಲಿ ಊರು ಹಳಿ ಕೆಳಗೇ ನುಸುಳಿ ಹೋಗುತ್ತೆ, ನಮಗೆ ಕಾಣೋದಿಲ್ಲ. ಒಂದು ಕಡೆ ಮಾತ್ರ ಕೆಳದಾರಿಯಿಂದ ಕುರಿ ಮಂದೆ ಹೊರಬರುತ್ತಿತ್ತು. ಮುಂದಿನ ಕುರಿ ಹೊಲದಲ್ಲಿ, ಹಿಂದಿನವು ಇನ್ನೂ ಕತ್ತಲಲ್ಲಿ. ಫೋಟೊ ತೆಗೆಯುವಷ್ಟರಲ್ಲಿ ದಾಟಿಹೋಯಿತು.

ಕಿಲೋಮೀಟರ್ ಕಲ್ಲು ಹಿಡಿದು ವೇಗ ಲೆಕ್ಕ ಹಾಕಿದೆ. ಎರಡು ಕಲ್ಲಿನ ನಡುವೆ 45 ಸೆಕೆಂಡ್ ಆದರೆ 80. 3600ನ್ನು ಭಾಗಿಸಿದರಾಯಿತು. ಆ ಹುಡುಗನಿಗೆ ಇದನ್ನು ಹೇಳಿಕೊಡಬೇಕಿತ್ತು.

ಹುಡುಗ ನೆನಪಾದ ಮೇಲೆ ಬೇವಿನ ಮರ ಹುಡುಕೋದು ಶುರುವಾಯಿತು. ಇಲ್ಲೇ ತೊಂದರೆ ಇರೋದು. ಹೊಸ ಲೈನಿನ ಸಣ್ಣ ನಿಲ್ದಾಣಗಳೆಲ್ಲ ಒಂದೇ ಅಚ್ಚಿನವು. ಅದೇ ಕಟ್ಟಡ, ಅದೇ ಬಣ್ಣ, ಅದೇ ಕಲ್ಲು ಬೆಂಚು. ಹಳೇ ನಿಲ್ದಾಣ ಆದರೆ ಒಂದರಲ್ಲಿ ಆಲದ ಮರ, ಇನ್ನೊಂದರಲ್ಲಿ ಒಡೆದ ಗಂಟೆ, ಮತ್ತೊಂದರಲ್ಲಿ ಬಾವಿ. ಕಣ್ಣು ಮುಚ್ಚಿದ್ದರೂ ಇಂಥದ್ದು ಅಂತ ಹೇಳಬಹುದು. ಇವಕ್ಕೆ ಮುಖ ಮೂಡೋಕೆ ಇನ್ನೂ ಕಾಲ ಬೇಕು. ಒಂದು ನಿಲ್ದಾಣ ಬಂತು, ಮರವಿಲ್ಲ. ಇನ್ನೊಂದು ಬಂತು, ಬೇಲಿ ಪಕ್ಕ ಬರೀ ಜಾಲಿ ಮುಳ್ಳು.

ಆಮೇಲೆ ಬಂತು. ಬೇಲಿಗೆ ತಾಗಿಕೊಂಡೇ ಇತ್ತು. ದೊಡ್ಡ ಮರ, ಲೈನಿನ ಕಡೆಯ ಕೊಂಬೆ ಕಡಿದು ಒಂದು ಮಗ್ಗುಲು ಬೋಳಾಗಿತ್ತು. ಪ್ಲಾಟ್‌ಫಾರಂ ಮೇಲೆ ತಗಡಿನ ಹೊಸ ಶೆಲ್ಟರ್, ಒಳಗೆ ಬೆಂಚು. ಅಲ್ಲಿ ಒಬ್ಬರೂ ಇಲ್ಲ. ಗಾಡಿಗೆ ಬಂದ ಏಳೆಂಟು ಜನ ಬೇಲಿಯ ಆಚೆ ಮರದ ಬುಡದಲ್ಲಿ ಚೀಲ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು. ಚಳಿ ಹೊತ್ತಲ್ಲಿ ನೆರಳು ಯಾಕೆ ಬೇಕು ಅಂತ ಕೇಳಬೇಡಿ. ಗಾಡಿ ನಿಂತ ಮೇಲೆಯೇ ಎದ್ದು, ಬೇಲಿಯ ಸಂದಿಯಲ್ಲಿ ನುಸುಳಿ ಬಂದರು. ಆ ಸಂದಿಯನ್ನು ಯಾರೋ ಆಗಲೇ ಮಾಡಿಕೊಂಡಿದ್ದರು. ನಾನು ಮರದ ಫೋಟೊ ತೆಗೆದೆ, ಒಂದಲ್ಲ, ಹದಿನಾಲ್ಕು. ಗಾಡಿ ಹೊರಟ ಮೇಲೆ ನೆನಪಾಯಿತು. ಬೋರ್ಡು ಮತ್ತೆ ಓದಲಿಲ್ಲ!

ಖಾಲಿ ಸಾಲಿನಲ್ಲಿ 'ಬೇವಿನ ಗಿಡ' ಅಂತ ಬರೆದೆ.

ಕುಕನೂರು ಬಂದಾಗ ಮನಸ್ಸು ಎರಡಾಯಿತು. ಊರಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಇದೆ. ಹತ್ತಿರದಲ್ಲೇ ಇಟಗಿ. ಅಲ್ಲಿನ ಮಹಾದೇವ ದೇವಾಲಯ 1112ರದ್ದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತೆ. ಇಳಿದರೆ ಎರಡೂ ನೋಡಿ ಬಸ್ಸಿನಲ್ಲಿ ಗದಗಕ್ಕೆ ಬರಬಹುದು. ಆದರೆ ಇಳಿದರೆ ಕುಕನೂರು–ತಳಕಲ್ ತುಂಡನ್ನು ಬೆಳಕಲ್ಲಿ ನೋಡಿದ ಹಾಗಾಗಲ್ಲ. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರೊಬ್ಬರನ್ನು ಕೇಳಿದೆ. "ಇಳೀರಿ ಸರ್, ಅಂಥಾ ಗುಡಿ ಮತ್ತೆಲ್ಲೂ ಇಲ್ಲ" ಅಂದರು. ಗಾಡಿ ಹೊರಡುವ ತನಕ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದೆ. ಹೊರಟಿತು. ನಾನೂ ಅದರ ಜೊತೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. ಅಲ್ಲಾಡಿಸುವಂಥದ್ದೇ.

ಆ ಕೊನೆ ತುಂಡಿನಲ್ಲಿ ವಿಶೇಷ ಏನೂ ಇರಲಿಲ್ಲ, ನಿಜ ಹೇಳಬೇಕು. ಕಡಲೆ ಹೊಲ, ಜೋಳದ ಹೊಲ, ನಿಧಾನಕ್ಕೆ ತಿರುಗುವ ಗಾಳಿಯಂತ್ರಗಳು. ಹಗಲಲ್ಲಿ ಅವುಗಳ ದೀಪ ಕಾಣಲ್ಲ. ತಳಕಲ್ ಹತ್ತಿರ ಹಳೇ ಲೈನು ಎಡಗಡೆಯಿಂದ ಸರಿದು ಬಂದು ನಮ್ಮ ಪಕ್ಕ ಓಡತೊಡಗಿತು. ಪಾಯಿಂಟ್ಸ್ ಮೇಲೆ ಖಟ್ ಖಟ್ ಅಂತು. ನಾನು ಸುಮ್ಮನೆ ಎಣಿಸಿದೆ.

ಹುಬ್ಬಳ್ಳಿ ಮುಟ್ಟಿದಾಗ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಬೆಂಗಳೂರಿನ ಗಾಡಿ ರಾತ್ರಿಗೆ. ಚೀಲವನ್ನು ಕ್ಲೋಕ್ ರೂಮಿನಲ್ಲಿಟ್ಟು, 8ನೇ ಪ್ಲಾಟ್‌ಫಾರಂನಲ್ಲಿ ನಿನ್ನೆ ಬಿಟ್ಟ ಜಾಗದಿಂದ ಉಳಿದರ್ಧ ನಡೆದೆ.